ಕೆನಡಾ ಚುನಾವಣೆಗೆ ಕಂಪಲಾಪುರದ ಬಾಯಿ

ಚುನಾವಣೆ ಎಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದು ಮೊನ್ನೆ ಮೊನ್ನೆಯವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಆಟೋದ ಮೇಲೆ ಕಟ್ಟಿದ ಲೌಡ್‌ಸ್ಪೀಕರಿನಿಂದ ಬರುವ ದನಿ ಬಹುಪಾಲು ನನ್ನದೇ. ಕಂಪಲಾಪುರದಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿಯಿದೆ. ಮದುವೆ, ತಿಥಿ, ನಾಟಕ, ಕಬಡ್ಡಿ ಪಂದ್ಯ ಎಲ್ಲಕ್ಕೂ ಮೈಕ್ ಬಾಡಿಗೆಗೆ ಕೊಡುತ್ತೇನೆ. ಚುನಾವಣೆ ಬಂದಾಗ ಮಾತ್ರ ಮೈಕಿನ ಜೊತೆ ಬಾಯಿಯನ್ನೂ ಕೊಡುತ್ತೇನೆ. ಬೆಳಗ್ಗೆ ಒಂದು ಪಕ್ಷ, ಊಟವಾದ ಮೇಲೆ ಇನ್ನೊಂದು ಪಕ್ಷ. ಬೆಳಗ್ಗೆ ಬಡವರ ಬಂಧುವಾಗಿದ್ದವರು ಸಂಜೆಯ ಹೊತ್ತಿಗೆ ನನ್ನ ಬಾಯಲ್ಲೇ ಬಡವರ ಶತ್ರುವಾಗಿರುತ್ತಾರೆ. ಜನ ತಪ್ಪು ತಿಳಿಯುವುದಿಲ್ಲ. ಮೈಕ್ ಚಲುವಣ್ಣ ಎಂದರೆ ಹುಣಸೂರಿನ ಸಂತೆಯಲ್ಲೂ ಗುರುತು ಹಿಡಿಯುತ್ತಾರೆ.

ಗೆದ್ದವರೆಲ್ಲ ನನ್ನ ದನಿಯಿಂದ ಗೆದ್ದರು. ಸೋತವರೆಲ್ಲ ನನ್ನನ್ನು ಇನ್ನೆರಡು ದಿನ ಹೆಚ್ಚಿಗೆ ಕರೆಯದೆ ಸೋತರು. ಇದಿಷ್ಟೇ ನನ್ನ ರಾಜಕೀಯ ಶಾಸ್ತ್ರ. ಇದನ್ನು ಕಟ್ಟಿಕೊಂಡು ನಾನು ಕೆನಡಾಕ್ಕೆ ಕೈ ಹಾಕಿದೆ.

ಕೆನಡಾದಲ್ಲಿ ನನ್ನ ಹೆಂಡತಿ ಲಲಿತಳ ತಂಗಿ ಸುಧಾ ಇದ್ದಾಳೆ. ಮೈಸೂರಿನಲ್ಲಿ ನರ್ಸಿಂಗ್ ಓದಿ, ಹದಿನಾಲ್ಕು ವರ್ಷದ ಹಿಂದೆ ಅಲ್ಲಿಗೆ ಹೋದವಳು. ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ. ಗಂಡ ಲಾರಿ ಓಡಿಸುತ್ತಾನೆ. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನಿಂದ ಆ ಊರಿಗೆ ಈಗಾಗಲೇ ಆಗಿರುವುದು ಸಾಕು.

ಅಲ್ಲಿನ ನಲವತ್ತು ಕನ್ನಡ ಮನೆಗಳಿಗಾಗಿ ಶ್ರೀಧರ್ ಎಂಬುವರು ಪ್ರತಿ ಶನಿವಾರ ಇಂಟರ್‌ನೆಟ್ಟಿನಲ್ಲಿ ಒಂದು ಹರಟೆ ಕಾರ್ಯಕ್ರಮ ನಡೆಸುತ್ತಾರೆ. ಅಲ್ಲಿಯ ಶನಿವಾರ ರಾತ್ರಿ ನಮಗೆ ಭಾನುವಾರ ಬೆಳಗ್ಗೆ ಆರೂವರೆ. ಒಂದು ವರ್ಷ ಆ ದೇಶದ ಪಾರ್ಲಿಮೆಂಟಿಗೆ ಚುನಾವಣೆ ನಡೆದಾಗ, ಹಳ್ಳಿಯವರ ಕಣ್ಣಿಗೆ ಕೆನಡಾದ ಚುನಾವಣೆ ಹೇಗೆ ಕಾಣುತ್ತದೆ, ನಾಲ್ಕು ಮಾತಾಡಿ ಎಂದು ಶ್ರೀಧರ್ ನನ್ನನ್ನು ಕೇಳಿದರು. ಅವರು ತಮಾಷೆಗೆ ಕರೆದಿದ್ದರು. ನಾನು ಗಂಭೀರವಾಗಿ ಒಪ್ಪಿಕೊಂಡೆ.

ಸಿದ್ಧತೆಗೆಂದು ಸುಧಾಗೆ ಹೇಳಿ ಅವಳ ಬೀದಿಯ ವಿಡಿಯೋ ತರಿಸಿಕೊಂಡೆ. ಅಲ್ಲಿ ಮೆರವಣಿಗೆ ಇಲ್ಲ, ಪಟಾಕಿ ಇಲ್ಲ, ಧ್ವನಿವರ್ಧಕವಂತೂ ಇಲ್ಲವೇ ಇಲ್ಲ. ಮನೆಯವರು ಒಪ್ಪಿದರೆ ಅವರ ಹುಲ್ಲಿನ ಅಂಗಳದಲ್ಲಿ ಅಭ್ಯರ್ಥಿಯ ಹೆಸರಿರುವ ಬೋರ್ಡು ನೆಡುತ್ತಾರೆ, ಅಷ್ಟೆ. ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಬೋರ್ಡು ಎಣಿಸಿದೆ. ಕೆಂಪು ಪಕ್ಷದ್ದು ಐದು, ನೀಲಿ ಪಕ್ಷದ್ದು ಆರು, ಕೆಂಪು ಕೋಟು ತೊಟ್ಟು ಹಲ್ಲು ಬಿಟ್ಟ ಒಬ್ಬ ಹೆಂಗಸಿನ ಫೋಟೋ ಇರುವುದು ಹನ್ನೊಂದು. ಕಾರ್ಯಕ್ರಮದಲ್ಲಿ ನಾನು, ಎರಡೂ ದೊಡ್ಡ ಪಕ್ಷಗಳು ಮಣ್ಣು ಮುಕ್ಕಲಿವೆ, ಈ ಪಕ್ಷೇತರ ತಾಯಿ ಭಾರೀ ಅಂತರದಿಂದ ಗೆಲ್ಲುತ್ತಾರೆ, ಬೇಕಾದರೆ ಬರೆದಿಟ್ಟುಕೊಳ್ಳಿ ಎಂದೆ.

ಆಕೆ ಮನೆ ಮಾರಿಸುವ ದಲ್ಲಾಳಿಯಂತೆ. ಹನ್ನೊಂದೂ ಮನೆಗಳು ಮಾರಾಟಕ್ಕಿದ್ದವು.

ಕೆನಡಾದ ಕನ್ನಡಿಗರು ಬಿದ್ದು ಬಿದ್ದು ನಕ್ಕರು. ನಾನು ಬೇಕೆಂದೇ ಹಾಗೆ ಹೇಳಿದೆ ಎಂದು ತಿಳಿದು, ಎಂಥ ವ್ಯಂಗ್ಯ ಎಂದು ಹೊಗಳಿದರು. ನಾನು ಇಲ್ಲ ಎನ್ನಲಿಲ್ಲ. ಅಲ್ಲಿಂದ ನಾನು ಕಂಪಲಾಪುರದಲ್ಲಿ ಅಂತಾರಾಷ್ಟ್ರೀಯ ವಿಶ್ಲೇಷಕನಾದೆ.

ಮರುವರ್ಷ ಅಕ್ಟೋಬರಿನಲ್ಲಿ ಅಲ್ಲಿ ಊರಿನ ಚುನಾವಣೆ ಬಂತು. ನಮ್ಮ ಪಟ್ಟಣ ಪಂಚಾಯಿತಿ ಇದ್ದ ಹಾಗೆ. ಅದಕ್ಕೆ ಪಕ್ಷಗಳಿಲ್ಲ, ಚಿಹ್ನೆಗಳಿಲ್ಲ. ಸುಧಾ ತನ್ನ ವಾರ್ಡಿನಿಂದ ನಿಂತಳು. ಕಾರಣ ಬಹಳ ಸಣ್ಣದು. ಆ ಊರಿನ ಬಸ್ಸು ಭಾನುವಾರ ಆಸ್ಪತ್ರೆಯ ಕಡೆ ಓಡುವುದಿಲ್ಲ. ಪಾಳಿ ಮುಗಿಸಿದ ನರ್ಸುಗಳು, ಆಯಾಗಳು, ರೋಗಿಗಳನ್ನು ನೋಡಲು ಬಂದ ಮುದುಕರು ಹಿಮದಲ್ಲಿ ಅರ್ಧ ಗಂಟೆ ನಡೆಯಬೇಕು. ಹೋದ ಚಳಿಗಾಲದಲ್ಲಿ ಇವಳ ಜೊತೆಯ ಆಯಾ ಒಬ್ಬಳು ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಆ ವಾರ್ಡಿನಲ್ಲಿ ಹನ್ನೆರಡು ವರ್ಷದಿಂದ ಒಬ್ಬರೇ ಸದಸ್ಯರು. ಅವರಿಗೆ ಸ್ವಂತ ಕಾರಿದೆ. ಸುಧಾ ಕೇಳಿ ಕೇಳಿ ಸಾಕಾಗಿ, ತಾನೇ ನಿಂತುಬಿಟ್ಟಳು. ಪಾಳಿ ಮುಗಿದ ಮೇಲೆ ದಿನಾ ಇಪ್ಪತ್ತು ಮನೆಯ ಬಾಗಿಲು ತಟ್ಟುತ್ತಿದ್ದಳು.

ಅವಳು ನನ್ನನ್ನು ಕೇಳಿದ್ದು ಒಂದೇ ಉಪಕಾರ. ಶ್ರೀಧರ್ ಅವರ ಕಾರ್ಯಕ್ರಮದಲ್ಲಿ ಐದು ನಿಮಿಷ ಬಂದು, ಊರಿನ ಚುನಾವಣೆಗೆ ಜನ ಓಟು ಹಾಕುವುದೇ ಕಡಿಮೆ, ದಯವಿಟ್ಟು ಹೋಗಿ ಹಾಕಿ ಎಂದು ಹೇಳಬೇಕು. ಏನು ಹೇಳಬೇಕೆಂದು ಬರೆದೂ ಕಳಿಸಿದ್ದಳು. ಓದಿದೆ. ಅದರಲ್ಲಿ ಬಸ್ಸಿತ್ತು, ಮತದಾನದ ದಿನವಿತ್ತು, ಧನ್ಯವಾದವಿತ್ತು. ಉಪ್ಪು ಹುಳಿ ಖಾರ ಏನೂ ಇರಲಿಲ್ಲ. ಇಂಥ ಸಪ್ಪೆ ಮಾತಿಗೆ ನಮ್ಮ ಕಡೆ ಒಂದು ನಾಯಿಯೂ ತಿರುಗಿ ನೋಡುವುದಿಲ್ಲ ಎಂದು ಲಲಿತಳಿಗೆ ಹೇಳಿದೆ. ಅವಳು ಬರೆದುಕೊಟ್ಟದ್ದನ್ನಷ್ಟೇ ಓದಿ ಎಂದು ಲಲಿತ ಎರಡು ಸಲ ಹೇಳಿದಳು. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೂ ಬಾಯಾಡಿಸುವುದಕ್ಕೂ ನನ್ನಲ್ಲಿ ಸಂಬಂಧವಿಲ್ಲ.

ಭಾನುವಾರ ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಫೋನಿನ ಮುಂದೆ ಕುಳಿತೆ. ಚುನಾವಣೆಗೆ ಒಂದು ವಾರ ಉಳಿದಿತ್ತು. ಓದಬೇಕಾದ್ದನ್ನು ಓದಿದೆ. ಅಲ್ಲಿಗೆ ಎದ್ದುಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಶ್ರೀಧರ್ ನಗುತ್ತಾ, ಹಾಗಾದರೆ ಗಾಳಿ ಯಾರ ಕಡೆ ಇದೆ ಚಲುವಣ್ಣ ಎಂದು ಕೇಳಿದರು. ಆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ನನ್ನ ನಾಲಿಗೆ ನನ್ನ ಅಪ್ಪಣೆ ಕಾಯುವುದಿಲ್ಲ.

ಸುಧಾ ಪ್ರತಿವರ್ಷ ದಸರಾಕ್ಕೆ ಮನೆಯಲ್ಲಿ ಗೊಂಬೆ ಕೂರಿಸಿ, ಅಕ್ಕಪಕ್ಕದ ಹೆಂಗಸರನ್ನು ಕರೆದು, ಒಂದು ಬಟ್ಟೆಯ ಚೀಲದಲ್ಲಿ ತಾಂಬೂಲ ಕೊಟ್ಟು ಕಳಿಸುತ್ತಾಳೆ. ಈ ವರ್ಷವೂ ಹಾಗೇ ಮಾಡಿದ್ದಳು. ಅದನ್ನು ನೆನೆದು ನಾನು ಅಂದೆ: “ಗಾಳಿ ನಮ್ಮ ಕಡೆಗೇ ಸ್ವಾಮಿ. ದಸರಾ ನೆಪದಲ್ಲಿ ಮನೆಮನೆಗೂ ಚೀಲ ತಲುಪೈತೆ. ಬರೀ ತಾಂಬೂಲ ಅನ್ಕೋಬೇಡಿ. ಒಳಗೆ ಏನಿತ್ತು ಅನ್ನೋದು ಈಸ್ಕಂಡೋರಿಗೇ ಗೊತ್ತು.”

ಎಂದು ಕಣ್ಣು ಹೊಡೆದೆ.

ನಮ್ಮ ತಾಲ್ಲೂಕಿನಲ್ಲಿ ಈ ಮಾತು ಅಭ್ಯರ್ಥಿಗೆ ಮಾಡುವ ಗೌರವ. ಇವರು ಕೈ ಬಿಗಿಯಲ್ಲ, ಗೆಲ್ಲುವ ಕುಳ ಎಂದು ಅದರ ಅರ್ಥ. ಶ್ರೀಧರರ ಮುಖದಲ್ಲಿ ನಗು ಅರ್ಧಕ್ಕೇ ನಿಂತದ್ದನ್ನು ನೋಡಿದೆ. ಅಲ್ಲಿ ಚಳಿ ಇರಬೇಕು ಅಂದುಕೊಂಡೆ.

ಸೋಮವಾರ ಸಂಜೆ ನಾಲ್ಕೂವರೆಗೆ ಸುಧಾ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಬೆಳಗ್ಗೆ ಏಳು. ಅವಳು ಆಸ್ಪತ್ರೆಯ ಸಮವಸ್ತ್ರದಲ್ಲೇ ಬಸ್ ಸ್ಟಾಪಿನಲ್ಲಿ ಕುಳಿತಿದ್ದಳು. ನಮಸ್ಕಾರ ಇಲ್ಲ, ಊಟ ಆಯಿತಾ ಇಲ್ಲ.

“ಭಾವ, ಒಳಗೆ ಏನಿತ್ತು?”

ನಾನು ನಕ್ಕೆ.

“ನಗ್ಬೇಡಿ ಭಾವ. ಇಲ್ಲಿ ಎಲ್ರೂ ಅದನ್ನೇ ಕೇಳ್ತಾವ್ರೆ. ನಾನೂ ನಿಮ್ಮನ್ನೇ ಕೇಳ್ತಿದೀನಿ. ನಾನ್ ಕೊಟ್ಟ ಚೀಲದ ಒಳಗೆ ಏನಿತ್ತು?”

ನಡೆದದ್ದು ಇಷ್ಟು. ಆ ವಿಡಿಯೋದ ಕೆಳಗೆ ಯಂತ್ರವೇ ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹಾಕಿತ್ತು. ಹಳೆಯ ಸದಸ್ಯರ ಬೆಂಬಲಿಗರೊಬ್ಬರು ನಾನು ಕಣ್ಣು ಹೊಡೆಯುವ ಭಾಗವನ್ನಷ್ಟೇ ಕತ್ತರಿಸಿ ಊರಿಗೆಲ್ಲ ಹಂಚಿದ್ದರು. ಓಟಿಗಾಗಿ ಉಡುಗೊರೆ ಕೊಟ್ಟಿದ್ದಾಳೆ, ಅವಳ ಸ್ವಂತ ಭಾವನೇ ಒಪ್ಪಿಕೊಂಡಿದ್ದಾನೆ ಎಂದು ದೂರು ಹೋಗಿತ್ತು. ಅದು ಅಲ್ಲಿ ದೊಡ್ಡ ಅಪರಾಧ. ದೂರು ಯಾರಿಗೆ ಹೋಗಿದೆ ಎಂದು ಕೇಳಿದೆ. ಟೌನ್ ಕ್ಲರ್ಕಿಗೆ ಎಂದಳು. ನನಗೆ ಜೀವ ಬಂದಂತಾಯಿತು. ಬರೀ ಕ್ಲರ್ಕ್ ತಾನೇ, ಮೇಲಿನ ಸಾಹೇಬರನ್ನೇ ಹಿಡಿಯೋಣ ಎಂದೆ. ಅಲ್ಲಿ ಊರಿನ ಚುನಾವಣೆ ನಡೆಸುವ ದೊಡ್ಡ ಅಧಿಕಾರಿಯ ಹೆಸರೇ ಕ್ಲರ್ಕ್ ಎಂದು ಸುಧಾ ತಾಳ್ಮೆಯಿಂದ ತಿಳಿಸಿದಳು. ಕೊನೆಗೆ, ದಯವಿಟ್ಟು ಇನ್ನು ಏನೂ ಮಾತಾಡಬೇಡಿ ಎಂದು ಕೈಮುಗಿದು ಫೋನ್ ಇಟ್ಟಳು.

ನಾನು ಮಾತಾಡಲಿಲ್ಲ. ಬರೆದೆ.

ಅವಳು ಬೇಡವೆಂದದ್ದು ಮಾತನ್ನು ತಾನೇ. ಮಂಗಳವಾರ ಬೆಳಗ್ಗೆ ಯಾರಿಗೂ ಹೇಳದೆ, ಅದೇ ವಿಡಿಯೋದ ಕೆಳಗೆ ಒಂದು ಸ್ಪಷ್ಟೀಕರಣ ಹಾಕಿದೆ. ಸತ್ಯವನ್ನೇ ಬರೆದೆ. ಚೀಲದಲ್ಲಿ ದುಡ್ಡಾಗಲಿ ಒಡವೆಯಾಗಲಿ ಇರಲಿಲ್ಲ, ಇದ್ದದ್ದು ಎಲೆ, ಅಡಿಕೆ, ಒಂದು ತೆಂಗಿನಕಾಯಿ, ರವಿಕೆ ಕಣ, ಎರಡು ಪೊಟ್ಟಣ ಪುಡಿ, ಇದು ನಮ್ಮ ಹೆಂಗಸರು ತಲೆತಲಾಂತರದಿಂದ ಕೊಡುತ್ತಾ ಬಂದಿರುವುದೇ ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು, ಊರು, ತಾಲ್ಲೂಕು ಹಾಕಿದೆ. ಅರಿಶಿನ ಕುಂಕುಮ ಎಂದು ಬರೆದರೆ ಪರದೇಶದವರಿಗೆ ತಿಳಿಯುವುದಿಲ್ಲವೆಂದು ಸರಳವಾಗಿರಲಿ ಅಂತ ಪುಡಿ ಎಂದಿದ್ದೆ.

ಅದು ಇಂಗ್ಲಿಷಿನಲ್ಲಿ ಏನಾಯಿತು ಎಂದು ನನಗೆ ಗೊತ್ತಾಗಿದ್ದು ಬುಧವಾರ, ಬೈಲಕುಪ್ಪೆ ಪಕ್ಕದ ಕೊಪ್ಪದಲ್ಲಿ. ಅಲ್ಲಿ ಸೆರಿಂಗ್ ಎಂಬ ಸ್ನೇಹಿತನ ಹೋಟೆಲಿದೆ. ಬೈಲಕುಪ್ಪೆಯಲ್ಲೇ ಹುಟ್ಟಿದ ಟಿಬೆಟಿನವನು. ಅವರ ಹೊಸವರ್ಷಕ್ಕೆ ಇಪ್ಪತ್ತು ವರ್ಷದಿಂದ ನನ್ನದೇ ಮೈಕು. ಅವನ ಅಕ್ಕನೂ ಕೆನಡಾದಲ್ಲಿದ್ದಾಳೆ, ಇಂಗ್ಲಿಷ್ ಚೆನ್ನಾಗಿ ಬಲ್ಲ. ನನ್ನ ಸ್ಪಷ್ಟೀಕರಣದ ಕೆಳಗೆ ಇನ್ನೂರು ಜನ ಏನೋ ಬರೆದಿದ್ದಾರೆ, ಹೊಗಳಿಕೆ ಇರಬೇಕು, ಓದಿ ಹೇಳು ಎಂದು ಫೋನ್ ಕೊಟ್ಟೆ. ಅವನು ಓದಿದ. ಇನ್ನೊಂದು ಸಲ ಓದಿದ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಚಲುವಣ್ಣ, ನಿನ್ ನಾದಿನಿ ಏನ್ ಕೆಲ್ಸ ಮಾಡಾದು?”

ನರ್ಸು ಎಂದೆ.

“ನರ್ಸು ಮನೆಮನೆಗೂ ಎಲೆ ಕೊಟ್ಳು, ಎರಡೆರಡು ಪೊಟ್ಟಣ ಪುಡಿ ಕೊಟ್ಳು ಅಂತ ಬರ್ದಿದೀಯಲ್ಲ. ಅವ್ರು ಯಾವ್ ಎಲೆ, ಯಾವ್ ಪುಡಿ ಅಂತ ಕೇಳ್ತಾವ್ರೆ.”

ಆ ದೇಶದ ಬಾವುಟದಲ್ಲೇ ಒಂದು ಎಲೆ ಇದೆಯಲ್ಲ ಎಂದು ಹೇಳಲು ಬಾಯಿ ತೆರೆದೆ. ಸೆರಿಂಗನ ಮುಖ ನೋಡಿ ಮುಚ್ಚಿದೆ. ಅವನು ನಗುತ್ತಿರಲಿಲ್ಲ. 

ಮನೆಗೆ ಬಂದಾಗ ಲಲಿತ ಜಗಲಿಯಲ್ಲಿ ಕುಳಿತಿದ್ದಳು. ತಂಗಿಯ ಜೊತೆ ಆಗಷ್ಟೇ ಮಾತಾಡಿದ್ದಳು. ಆಸ್ಪತ್ರೆಯವರು ಸುಧಾಳನ್ನು ಕರೆದು, ವಿಷಯ ತಿಳಿಯಾಗುವವರೆಗೆ ಔಷಧಿಯ ಬೀರುವಿನ ಕೀಲಿ ಮುಟ್ಟಬೇಡಿ ಎಂದಿದ್ದರಂತೆ. ಅವಳು ಹದಿನಾಲ್ಕು ವರ್ಷದಲ್ಲಿ ಒಂದು ಮಾತ್ರೆ ಲೆಕ್ಕ ತಪ್ಪಿಸಿದವಳಲ್ಲ. ಕೀಲಿಯನ್ನು ತನಗಿಂತ ಹತ್ತು ವರ್ಷ ಚಿಕ್ಕವಳ ಕೈಗೆ ಕೊಟ್ಟು ಬಂದು ಅಕ್ಕನ ಹತ್ತಿರ ಅತ್ತಿದ್ದಳು.

ಲಲಿತ ಕೂಗಾಡುವವಳು. ಅಂದು ಕೂಗಾಡಲಿಲ್ಲ.

“ನನ್ ತಂಗಿ ಬಾಯ್ ಮುಚ್ಕಂಡು ದುಡುದು ಹೆಸ್ರು ತಗಂಡ್ಳು. ನೀವು ಬಾಯ್ ಬುಟ್ಟು ಅದ್ನ ತೆಗುದ್ರಿ.”

ಅಷ್ಟು ಹೇಳಿ ಒಳಗೆ ಹೋದಳು. ಗುರುವಾರ, ಶುಕ್ರವಾರ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ನಾನು ಅಂಗಡಿಯಲ್ಲಿ ಕುಳಿತು, ಯಾರಾದರೂ ಮೈಕ್ ಕೇಳಲು ಬಂದರೂ ಬೆಚ್ಚಿಬೀಳುತ್ತಿದ್ದೆ. ಮತದಾನ ಸೋಮವಾರ. ನಾನು ಏನು ಮಾಡಿದರೂ ಹದಗೆಡುತ್ತದೆ, ಏನೂ ಮಾಡದಿದ್ದರೆ ಹದಗೆಟ್ಟದ್ದು ಹಾಗೇ ಉಳಿಯುತ್ತದೆ. 

ಶುಕ್ರವಾರ ಸಂಜೆ ಸುಧಾಳೇ ಫೋನ್ ಮಾಡಿದಳು. ಶನಿವಾರ ಬೆಳಗ್ಗೆ ಅವರ ಊರಿನ ಲೈಬ್ರರಿಯಲ್ಲಿ ಎಲ್ಲಾ ಅಭ್ಯರ್ಥಿಗಳ ಸಭೆ. ಕ್ಲರ್ಕ್ ಕೂಡ ಬರುತ್ತಾರೆ. ಅಲ್ಲಿ ಅವಳಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಮಾತು ಆಡಿದವನೇ ಪರದೆಯ ಮೇಲೆ ಬಂದು, ಅದು ಸುಳ್ಳು ಎಂದು ಹೇಳಬೇಕು. ನಮಗೆ ಆಗ ಶನಿವಾರ ಸಂಜೆ ಏಳು ಗಂಟೆ. ಇಂಗ್ಲಿಷ್ ಬೇಡ, ಕನ್ನಡದಲ್ಲೇ ಹೇಳಿ, ಯಾರಾದರೂ ನಂಬಿಕೆಯವರು ಇಂಗ್ಲಿಷಿಗೆ ತಿರುಗಿಸಲಿ ಎಂದಳು. ಯಂತ್ರದ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ನನ್ನ ಮೇಲಿನದು ಎಷ್ಟು ಉಳಿದಿತ್ತೋ ಕೇಳಲಿಲ್ಲ.

ಸೆರಿಂಗ್ ಒಪ್ಪಿದ. ಒಂದೇ ಷರತ್ತು: ಒಂದು ಸಲಕ್ಕೆ ಒಂದೇ ವಾಕ್ಯ, ಅದೂ ಗಿಡ್ಡನೆಯದು. ಶನಿವಾರ ಮಧ್ಯಾಹ್ನದಿಂದಲೇ ನಾನೂ ಲಲಿತಳೂ ಅವನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಕುಳಿತಿದ್ದೆವು. ಅವನು ಕೊಟ್ಟ ಟೀ ಹಾಗೇ ಆರಿತು. ಲಕ್ಷ ಜನರ ಸಭೆಯಲ್ಲಿ ಮೈಕ್ ಹಿಡಿದಿದ್ದೇನೆ. ಅಂದು ಅಂಗೈ ಬೆವರಿ ಫೋನು ಜಾರುತ್ತಿತ್ತು. ಕಡೆಗೆ ಸೆರಿಂಗ್ ಅದನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ.

ಏಳೂ ಕಾಲಿಗೆ ಆ ಕಡೆಯ ಸಭಾಂಗಣ ಕಾಣಿಸಿತು. ನೂರು ಜನ ಇರಬಹುದು. ಕೋಟು ತೊಟ್ಟವರು, ಮಡಿಲಲ್ಲಿ ಮಗು ಇಟ್ಟುಕೊಂಡವರು, ಗಾಲಿಕುರ್ಚಿಯಲ್ಲಿ ಇಬ್ಬರು. ಒಬ್ಬರೂ ಮಾತಾಡುತ್ತಿಲ್ಲ. ಎಲ್ಲರೂ ಗೋಡೆಯ ಮೇಲೆ ದೊಡ್ಡದಾಗಿ ಮೂಡಿದ ನನ್ನ ಮುಖವನ್ನು ನೋಡುತ್ತಿದ್ದರು. ಒಂದು ಮೂಲೆಯಲ್ಲಿ ಸುಧಾ, ಕೈಕಟ್ಟಿಕೊಂಡು, ಶಾಲೆಯ ಹುಡುಗಿಯ ಹಾಗೆ ನಿಂತಿದ್ದಳು.

ನಾನು ಅಭ್ಯಾಸಬಲದಿಂದ, ಆತ್ಮೀಯ ಮತದಾರ ಬಾಂಧವರೇ, ಅಕ್ಕತಂಗಿಯರೇ ಎಂದು ಶುರು ಮಾಡಿದೆ. ಲಲಿತ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಹಾಗಾಗಿ ನೇರವಾಗಿ ವಿಷಯಕ್ಕೆ ಬಂದೆ. ಚೀಲದ ಒಳಗೆ ಏನೋ ಇತ್ತು ಎಂದು ನಾನು ಹೇಳಿದ್ದು ನಿಜ, ಆದರೆ ಆ ಮಾತು ಶುದ್ಧ ಸುಳ್ಳು ಎಂದೆ. ಸೆರಿಂಗ್ ಅದನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದ. ಅರ್ಧ ಹೇಳುವಷ್ಟರಲ್ಲಿ ನೆಟ್‌ವರ್ಕ್ ನಿಂತಿತು. ಚೀಲದ ಒಳಗೆ ಏನೋ ಇತ್ತು, ನಿಜ ಎಂಬ ಮೊದಲರ್ಧ ಕೆನಡಾ ತಲುಪಿತು. ಉಳಿದರ್ಧ ಕೊಪ್ಪದಲ್ಲೇ ಉಳಿಯಿತು.

ಪರದೆಯಲ್ಲಿ ಸಭಾಂಗಣ ಕಲ್ಲಾಗಿ ನಿಂತಿತ್ತು. ಸುಧಾ ಕಣ್ಣು ಮುಚ್ಚಿಕೊಂಡ ಹೊತ್ತಿಗೇ ಚಿತ್ರ ನಿಂತಿತ್ತು. ಸೆರಿಂಗ್ ಹೊರಗೆ ಓಡಿ ಹೆಂಡತಿಯ ಫೋನು ತಂದ. ಅದರ ಗುಪ್ತ ಸಂಖ್ಯೆ ಆಕೆಗೆ ಮಾತ್ರ ಗೊತ್ತು, ಆಕೆ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ಬೆರಳಿನಲ್ಲೇ ಒತ್ತಿಸಿದೆವು. ಒಟ್ಟು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಲಲಿತ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.  ನನ್ನ ಬಾಯಿ ಎಂಥದ್ದು ಎಂದು ನನಗೆ ಆಗ ತಿಳಿಯಿತು.

ಮತ್ತೆ ಸಂಪರ್ಕ ಸಿಕ್ಕಾಗ ಸಭೆಯಲ್ಲಿ ಗದ್ದಲ. ನಾನು ಕಾಯಲಿಲ್ಲ. “ಸುಳ್ಳು. ನಾನು ಹೇಳಿದ್ದು ಸುಳ್ಳು. ಅವಳಿಗೆ ಇದು ಗೊತ್ತೇ ಇರಲಿಲ್ಲ” ಎಂದೆ. ನನ್ನ ಜೀವಮಾನದಲ್ಲಿ ಆಡಿದ ಅತಿ ಚಿಕ್ಕ ಭಾಷಣ ಅದು. ಸೆರಿಂಗ್ ಹೇಳಿದ. ಸಭೆ ಸುಮ್ಮನಾಯಿತು.

ಮುಂದಿನ ಸಾಲಿನಿಂದ ಒಬ್ಬರು ಎದ್ದರು. ಹಳೆಯ ಸದಸ್ಯರ ಕಡೆಯವರು ಎಂದು ಆಮೇಲೆ ಗೊತ್ತಾಯಿತು. ತನ್ನ ನಾದಿನಿಗೇ ಹಾನಿಯಾಗುವಂಥ ಸುಳ್ಳನ್ನು ಒಬ್ಬ ಮನುಷ್ಯ ಯಾಕೆ ಹೇಳುತ್ತಾನೆ, ನಂಬುವುದು ಹೇಗೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ನನಗೆ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು.

“ಹಾನಿ ಅಂತ ನಂಗೊತ್ತಿರ್ಲಿಲ್ಲ ಸ್ವಾಮಿ. ನಮ್ ಕಡೆ ಅದು ಹೊಗಳಿಕೆ.”

ಸೆರಿಂಗ್ ನನ್ನ ಕಡೆ ತಿರುಗಿದ. “ಇದನ್ನೂ ಯೋಳ್ಬೇಕಾ ಅಣ್ಣ?” ಎಂದು ಮೆಲ್ಲಗೆ ಕೇಳಿದ. ಅವನೂ ಇಲ್ಲಿಯವನೇ ತಾನೇ. ಹೇಳು ಎಂದೆ. ಹೇಳಿದ. ಆ ಕಡೆ ಯಾರೂ ನಗಲಿಲ್ಲ, ಬೈಯಲೂ ಇಲ್ಲ. ನೂರು ಜನ ನನ್ನನ್ನು ನೋಡಿದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಆಗ ಹಿಂದಿನಿಂದ ಒಬ್ಬ ಅಜ್ಜಿ ಕೋಲೂರಿಕೊಂಡು ಮುಂದೆ ಬಂದಳು. ಸುಧಾಳ ಪಕ್ಕದ ಮನೆಯ ಮಾರ್ಗರೆಟ್. ಕೈಯಲ್ಲಿ ದಸರಾದ ಆ ಬಟ್ಟೆ ಚೀಲ. ಅದನ್ನು ಕ್ಲರ್ಕ್ ಅಮ್ಮನ ಮುಂದೆ ಮೇಜಿನ ಮೇಲೆ ಸುರಿದಳು. ಬಾಡಿ ಕಪ್ಪಾದ ಎರಡು ವೀಳ್ಯದೆಲೆ, ಒಂದು ಅಡಿಕೆ, ಮಡಿಸಿದ ರವಿಕೆ ಕಣ, ಕುಂಕುಮದ ಪೊಟ್ಟಣ, ತೆಂಗಿನಕಾಯಿ. ಇನ್ನೊಂದು ಪೊಟ್ಟಣ ಎಲ್ಲಿ ಎಂದು ಕ್ಲರ್ಕ್ ಕೇಳಿದರು. ಅರಿಶಿನ ಸೂಪಿಗೆ ಹಾಕಿಕೊಂಡೆ, ಚೆನ್ನಾಗಿತ್ತು ಎಂದಳು ಅಜ್ಜಿ. ಆರು ವರ್ಷದಿಂದ ಪ್ರತಿ ದಸರಾಕ್ಕೂ ಇದೇ ಚೀಲ ಬರುತ್ತದೆ, ಆಗ ಯಾವ ಚುನಾವಣೆ ಇತ್ತು ಎಂದು ಸಭೆಯನ್ನೇ ಕೇಳಿದಳು. ಆಮೇಲೆ ಕಾಯನ್ನು ಎತ್ತಿ ಹಿಡಿದು ಪರದೆಯ ಕಡೆ ತಿರುಗಿ, ಇದನ್ನು ಒಡೆಯುವುದು ಹೇಗೆ, ಇದೂ ಸೇರಿ ಇಂಥವು ಆರಾಗಿವೆ ಎಂದು ನನ್ನನ್ನೇ ಕೇಳಿದಳು.

ಸಭೆ ನಕ್ಕಿತು. ಸುಧಾ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನು ಕಾಯಿ ಒಡೆಯುವ ವಿಧಾನವನ್ನು ವಿವರಿಸಲು ಹೊರಟೆ. ಲಲಿತ ಕೈ ಚಾಚಿ ಫೋನ್ ಆರಿಸಿಬಿಟ್ಟಳು.

ಭಾನುವಾರ ಕ್ಲರ್ಕ್ ಅಮ್ಮ ದೂರಿನಲ್ಲಿ ಹುರುಳಿಲ್ಲ ಎಂದು ಕಾಗದ ಕೊಟ್ಟರು. ಬೀರುವಿನ ಕೀಲಿಯೂ ಸುಧಾಳ ಕೈಗೆ ಬಂತು. ಸೋಮವಾರ ಮತದಾನ. ಮಂಗಳವಾರ ಬೆಳಗ್ಗೆ ಆರು ಗಂಟೆಯಿಂದ ನಾನೂ ಲಲಿತಳೂ ಫೋನನ್ನು ಮಧ್ಯೆ ಇಟ್ಟುಕೊಂಡು ಅಡುಗೆಮನೆಯಲ್ಲಿ ಕುಳಿತಿದ್ದೆವು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಇಬ್ಬರೂ ಏಳಲಿಲ್ಲ. ಆರೂ ಮುಕ್ಕಾಲಿಗೆ ಸುಧಾ ಫೋನ್ ಮಾಡಿದಳು.

ಹತ್ತೊಂಬತ್ತು ಓಟಿನಿಂದ ಸೋತಿದ್ದಳು.

ಲಲಿತ ಸುಮ್ಮನೆ ಎದ್ದು ಹಾಲಿನ ಪಾತ್ರೆ ಇಳಿಸಿದಳು.  ಹತ್ತೊಂಬತ್ತು ಎಂದರೆ ಒಂದು ಆಟೋ, ಒಂದು ಟೆಂಪೋ ಜನ. ಆ ಹತ್ತೊಂಬತ್ತು ಮುಖಗಳೂ ನನ್ನ ಕಣ್ಣ ಮುಂದೆ ನಿಂತು, ಒಳಗೆ ಏನಿತ್ತು ಎಂದು ಕೇಳಿದಂತಾಯಿತು. ನಾನೇ ನಿನ್ನನ್ನು ಸೋಲಿಸಿದೆ ಸುಧಾ, ನನ್ನ ಬಾಯೇ ನಿನ್ನನ್ನು ಸೋಲಿಸಿತು ಎಂದು ತೊದಲಿದೆ.

 ಅವಳ ದನಿ ದಣಿದಿತ್ತು, ಸಿಟ್ಟಿರಲಿಲ್ಲ.

“ನಿಮ್ಮಿಂದ್ಲೇ ನಾನ್ ಸೋತೆ ಅನ್ಕಂಡ್ರೆ ಅದೂ ಜಂಬಾನೇ ಭಾವ. ಬುಡಿ.”

ಕಡೆಯ ವಾರದಲ್ಲಿ ಹಳೆಯ ಸದಸ್ಯರು ಹೆದರಿ, ಭಾನುವಾರದ ಬಸ್ಸನ್ನು ತಾವೇ ತರುತ್ತೇವೆ ಎಂದು ಬಾಗಿಲು ಬಾಗಿಲಿಗೆ ಹೇಳಿಕೊಂಡು ಹೋಗಿದ್ದರಂತೆ. ಜನ ಅವರನ್ನು ನಂಬಿದರು. ಅವರು ಮಾತಿಗೆ ತಪ್ಪಲೂ ಇಲ್ಲ. ಡಿಸೆಂಬರಿನ ಒಂದು ಭಾನುವಾರ ಸುಧಾ ಕಿಟಕಿಯ ಪಕ್ಕದ ಸೀಟಿನಿಂದ ಒಂದು ಫೋಟೋ ಕಳಿಸಿದಳು. ಹೊರಗೆ ಹಿಮ, ಒಳಗೆ ಅವಳೂ ಇನ್ನೂ ಮೂವರು ನರ್ಸುಗಳೂ. ಗೆದ್ದಿದ್ದರೂ ಇದಕ್ಕೇ ತಾನೇ ಗೆಲ್ಲಬೇಕಾಗಿದ್ದದ್ದು ಎಂದು ಕೆಳಗೆ ಬರೆದಿದ್ದಳು. ಮಾರ್ಗರೆಟ್ ಅಜ್ಜಿಗೆ ಕಾಯಿ ಒಡೆದುಕೊಟ್ಟಳಂತೆ. ಆರರಲ್ಲಿ ಐದು ಕೊಳೆತಿದ್ದವು.

ಈಗ ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ಶುರುವಾಗಿದೆ. ಹೋದ ವಾರ ಪಕ್ಕದ ಊರಿನಿಂದ ಒಬ್ಬ ಅಭ್ಯರ್ಥಿ ಅಂಗಡಿಗೆ ಬಂದ. ಸದ್ಯ, ನನ್ನನ್ನು ಇನ್ನೂ ಕೇಳುವವರಿದ್ದಾರೆ ಎಂದು ಖುಷಿಯಾಯಿತು. ಕುರ್ಚಿ ಒರೆಸಿ ಕೂರಿಸಿದೆ. ನಾನು ಮೊದಲಿನಂತಿಲ್ಲಪ್ಪ, ನೀನು ಏನು ಬರೆದುಕೊಡುತ್ತೀಯೋ ಅಷ್ಟನ್ನೇ ಓದುತ್ತೇನೆ, ಒಂದು ಅಕ್ಷರ ಹೆಚ್ಚಿಲ್ಲ ಎಂದೆ. ಅವನಿಗೆ ಬಹಳ ಸಮಾಧಾನವಾದಂತೆ ಕಂಡಿತು. ಮೈಕು, ಎರಡು ಸ್ಪೀಕರು, ಆಂಪ್ಲಿಫೈಯರು, ವೈರು ಎಲ್ಲವನ್ನೂ ಆಟೋಕ್ಕೆ ಏರಿಸಿದೆ. ಕೊನೆಗೆ ನಾನೂ ಹತ್ತಲು ಕಾಲೆತ್ತಿದಾಗ ಅವನು ವಿನಯದಿಂದ ನನ್ನ ತೋಳು ಹಿಡಿದ.

“ಬ್ಯಾಡ ಕಣಣ್ಣ. ನೀನು ಇಲ್ಲೇ ಇರು. ಮೈಕು ಒಂದೇ ಸಾಕು.”